‘ಒಂದೇ ಕ್ಲಿಕ್’ ಸಾಹೇಬರ ಘನ ಸನ್ನಿಧಾನಕ್ಕೆ

ವಿಷಯ: ಚಪ್ಪಟೆ ಡ್ರಾಯಿಂಗನ್ನು ತ್ರೀಡಿ ಮಾಡಿಕೊಡುವ ಕುರಿತು.
ಉಲ್ಲೇಖ: ತಮ್ಮ ವಾಟ್ಸಾಪ್ ಸಂದೇಶ: ‘ಸಿಂಪಲ್ ಪುಲ್ಲಿ. ಟೂಡಿ ಇದೆ. ತ್ರೀಡಿ ಮಾಡಿ ಕಳ್ಸಿ. ಐದು ನಿಮಿಷದ ಕೆಲಸ.’

ಮಾನ್ಯರೆ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮ ಅವಗಾಹನೆಗೆ ತರಬಯಸುವುದೇನೆಂದರೆ, ತಮ್ಮ ಸಂದೇಶವೂ ಅದರ ಬೆನ್ನಿಗೇ ಬಂದ ಡಿಎಕ್ಸ್‌ಎಫ್ ಫೈಲೂ ನನಗೆ ತಲುಪಿವೆ. ಐದು ನಿಮಿಷದ ಕೆಲಸ ಎಂದು ತಾವು ಬರೆದ ಮೇಲೆ ಅದು ಐದೇ ನಿಮಿಷದ ಕೆಲಸ. ಅದರಲ್ಲಿ ನನ್ನದೇನೂ ತಕರಾರಿಲ್ಲ.

ಪತ್ರವನ್ನು ಬಹಿರಂಗವಾಗಿ ಬರೆಯುತ್ತಿರುವುದಕ್ಕೆ ಬೇಸರ ಬೇಡ. ತಾವು ಒಬ್ಬರೇ ಆಗಿದ್ದರೆ ಫೋನಿನಲ್ಲೇ ಮಾತಾಡಿ ಮುಗಿಸಬಹುದಿತ್ತು. ಆದರೆ ಪೀಣ್ಯದ ಶೆಡ್ಡುಗಳಿಂದ ಬೊಮ್ಮಸಂದ್ರದವರೆಗೆ, ಹುಬ್ಬಳ್ಳಿಯ ಗೋಕುಲ ರಸ್ತೆಯಿಂದ ಬೆಳಗಾವಿಯ ಉದ್ಯಮಬಾಗದವರೆಗೆ ತಾವು ಸರ್ವಾಂತರ್ಯಾಮಿ. ಬೋರ್ಡಿನ ಮೇಲಿನ ಹೆಸರು ಬೇರೆ, ಜಿಎಸ್‌ಟಿ ನಂಬರು ಬೇರೆ, ಮಾತು ಮಾತ್ರ ಒಂದೇ: ‘ಔಟ್‌ಲೈನ್ ಇದೆಯಲ್ಲ ಸಾರ್, ಅದನ್ನೇ ಸ್ವಲ್ಪ ಎತ್ತಿಬಿಡಿ.’

ಎತ್ತುವ ವಿದ್ಯೆಯ ಬಗ್ಗೆ ತಮಗಿರುವ ತಿಳಿವಳಿಕೆ ತಪ್ಪೇನಲ್ಲ. ಆಕೃತಿಗೆ ದಪ್ಪ ಕೊಟ್ಟರೆ ಅದು ತಗಡಾಗುತ್ತದೆ, ಬಾರ್ ಆಗುತ್ತದೆ. ಅರ್ಧ ಆಕೃತಿಯನ್ನು ಒಂದು ಅಕ್ಷದ ಸುತ್ತ ತಿರುಗಿಸಿದರೆ ಪುಲ್ಲಿಯಾಗುತ್ತದೆ, ಬುಷ್ ಆಗುತ್ತದೆ, ಬೇಕಿದ್ದರೆ ಚೊಂಬೂ ಆಗುತ್ತದೆ. ಒಂದು ದಾರಿಯುದ್ದಕ್ಕೂ ಎಳೆದುಕೊಂಡು ಹೋದರೆ ಪೈಪು. ಸಾಫ್ಟ್‌ವೇರು ಸಾಲಿಡ್‌ವರ್ಕ್ಸ್ ಆಗಲಿ ಫ್ರೀಕ್ಯಾಡ್ ಆಗಲಿ, ಗುಂಡಿಯ ಹೆಸರು ಬೇರೆಯಿದ್ದೀತು, ಒತ್ತುವ ಬೆರಳು ಒಂದೇ. ಅಲೆಕ್ಸಾಂಡ್ರಿಯಾದ ಪಾಪಸ್ ಎಂಬ ಗಣಿತಜ್ಞ ನಾಲ್ಕನೆಯ ಶತಮಾನದಲ್ಲೇ ಇದರ ಲೆಕ್ಕ ಹೇಳಿಟ್ಟಿದ್ದಾನೆ: ಆಕೃತಿಯ ವಿಸ್ತೀರ್ಣವನ್ನು ಅದರ ಕೇಂದ್ರಬಿಂದು ಸುತ್ತುವ ದಾರಿಯ ಉದ್ದದಿಂದ ಗುಣಿಸಿದರೆ ಘನಫಲ ಸಿಕ್ಕಿತು. ಇಷ್ಟಕ್ಕೆ ಒಂದು ಸೆಕೆಂಡು ಸಾಕು. ತಾವು ಐದು ನಿಮಿಷ ಕೊಟ್ಟಿದ್ದು ತಮ್ಮ ಔದಾರ್ಯ. ಉಳಿದ ನಾಲ್ಕು ನಿಮಿಷ ಐವತ್ತೊಂಬತ್ತು ಸೆಕೆಂಡು ಎಲ್ಲಿ ಹೋಯಿತು ಎಂದು ಲೆಕ್ಕ ಒಪ್ಪಿಸುವುದಷ್ಟೇ ಈ ಪತ್ರದ ಉದ್ದೇಶ.

ಮೊದಲು ಫೈಲು. ಯಾವುದೋ ಹಳೆಯ ಬ್ಲೂಪ್ರಿಂಟನ್ನು ಸ್ಕ್ಯಾನ್ ಮಾಡಿ, ಅದರ ಮೇಲೆ ಯಾರೋ ಗೆರೆ ಓಡಿಸಿದ್ದಾರೆ. ಪ್ರಿಂಟ್ ಹೊಡೆದರೆ ಕಣ್ಣಿಗೆ ಒತ್ತಿಕೊಳ್ಳುವ ಹಾಗಿದೆ. ಕಾಗದಕ್ಕೆ ದಯೆ ಜಾಸ್ತಿ. ಗೆರೆಯ ದಪ್ಪವೇ ಕಾಲು ಮಿಲಿಮೀಟರ್ ಇರುವಲ್ಲಿ, ಮೂಲೆಯಲ್ಲಿ 0.02 ಮಿಲಿಮೀಟರ್ ಸೇರದೆ ಉಳಿದದ್ದು ಯಾರಿಗೆ ಕಾಣಬೇಕು? ಆದರೆ ಫ್ರೀಕ್ಯಾಡಿನ ಒಳಗೆ ಕೂತು ಘನಾಕೃತಿ ಕಟ್ಟುವ ಓಪನ್ ಕ್ಯಾಸ್ಕೇಡ್ ಎಂಬ ಯಂತ್ರಾಂಗಕ್ಕೆ ಆ ದಾಕ್ಷಿಣ್ಯವಿಲ್ಲ. ಎರಡು ಬಿಂದುಗಳನ್ನು ಒಂದೇ ಎಂದು ಒಪ್ಪಿಕೊಳ್ಳಲು ಅದು ಇಟ್ಟುಕೊಂಡಿರುವ ಮೂಲ ಅಳತೆ ಮಿಲಿಮೀಟರಿನ ಕೋಟಿಯಲ್ಲಿ ಒಂದು ಪಾಲು. ಸೇರದ ಮೂಲೆ ಕಂಡರೆ ಆಕೃತಿ ಮುಚ್ಚಿಲ್ಲ ಎಂದು ಹೇಳಿ ಕೈ ಚೆಲ್ಲುತ್ತದೆ. ಮುಚ್ಚದ ಆಕೃತಿಗೆ ಒಳಗೆ ಯಾವುದು, ಹೊರಗೆ ಯಾವುದು ಎಂಬುದಿಲ್ಲ. ಒಳಹೊರಗು ಗೊತ್ತಿಲ್ಲದ್ದಕ್ಕೆ ಕಬ್ಬಿಣ ತುಂಬುವುದು ಎಲ್ಲಿ?

ಒಂದೇ ಗೆರೆಯ ಮೇಲೆ ಇನ್ನೊಂದು ಗೆರೆ ಮಲಗಿರುವ ಜಾಗಗಳೂ ಇದ್ದವು. ಈ ರೋಗಕ್ಕೆ ಆಟೋಕ್ಯಾಡಿನಲ್ಲಿ ಓವರ್‌ಕಿಲ್ ಎಂಬ ಆಜ್ಞೆಯೇ ಇದೆಯಾದ್ದರಿಂದ ತಮ್ಮ ವಂಶ ಜಗತ್ತಿನಾದ್ಯಂತ ಹಬ್ಬಿದೆ ಎಂದು ತಿಳಿದು ಸಂತೋಷವಾಯಿತು. ಗ್ರೂವಿನ ತಳದ ದುಂಡನೆಯ ಮೂಲೆಗಳು ಕಂಸಗಳಾಗಿರಲಿಲ್ಲ, ಸಣ್ಣ ಸಣ್ಣ ಸರಳರೇಖೆಗಳ ಸರಮಾಲೆಯಾಗಿದ್ದವು. ಕೆಲವು ಗೆರೆಗಳು ಉಳಿದವಕ್ಕಿಂತ ಅರ್ಧ ಮಿಲಿಮೀಟರ್ ಮೇಲೆ ತೇಲುತ್ತಿದ್ದವು. ಅಂದರೆ ಚಪ್ಪಟೆ ಎಂದು ತಾವು ಕಳಿಸಿದ ಡ್ರಾಯಿಂಗು ಚಪ್ಪಟೆಯೂ ಅಲ್ಲ. ತ್ರೀಡಿ ಕೆಲಸವನ್ನು ತಾವೇ ಸದ್ದಿಲ್ಲದೆ ಶುರು ಮಾಡಿಬಿಟ್ಟಿದ್ದಿರಿ. ಎಲ್ಲಕ್ಕಿಂತ ಮನಸ್ಸಿಗೆ ಹಿಡಿಸಿದ್ದು, 112 ಎಂದು ಬರೆದ ಕಡೆ ಗೆರೆ ಅಳೆದರೆ 110.6 ಬಂದದ್ದು. ಸಂಖ್ಯೆಯನ್ನು ಕೈಯಾರೆ ಟೈಪ್ ಮಾಡಿದ್ದಾರೆ. ಗೆರೆ ಒಂದು ಹೇಳುತ್ತದೆ, ಅಂಕೆ ಇನ್ನೊಂದು ಹೇಳುತ್ತದೆ, ಇಬ್ಬರಲ್ಲಿ ಯಾರ ಮಾತು ಕೇಳಬೇಕೆಂದು ತಾವು ಹೇಳುವುದಿಲ್ಲ.

ಇದರಲ್ಲಿ ಡಿಎಕ್ಸ್‌ಎಫ್‌ನ ತಪ್ಪಿಲ್ಲ. 1982ರಲ್ಲಿ ಆಟೋಕ್ಯಾಡ್ ಜೊತೆಗೆ ಹುಟ್ಟಿದ ಈ ಫೈಲ್ ಬಗೆ ತನ್ನ ಕೆಲಸವನ್ನು ಪ್ರಾಮಾಣಿಕವಾಗಿ ಮಾಡುತ್ತದೆ. ಗೆರೆ ಎಲ್ಲಿಂದ ಎಲ್ಲಿಗೆ, ಅಷ್ಟು ಅದಕ್ಕೆ ಗೊತ್ತು. ಅಲ್ಲಿಗೇ ಯಾಕೆ ಎಂಬುದು ಗೊತ್ತಿಲ್ಲ. ಹಾಗಾಗಿ ತಮ್ಮ ಗೆರೆಗಳನ್ನು ಹಿನ್ನೆಲೆಯಲ್ಲಿ ಗೌರವಪೂರ್ವಕವಾಗಿ ಮಲಗಿಸಿ, ಮೇಲೆ ಹೊಸದಾಗಿ ಸ್ಕೆಚ್ ಬರೆಯಲು ಕೂತೆ.

ಇಲ್ಲಿಂದ ಮುಂದಿನದನ್ನು ತಾವು ದಯವಿಟ್ಟು ನಿಧಾನವಾಗಿ ಓದಬೇಕು.

ಮೋಟಾರಿಗೆ ಕೂರುವ ತಮ್ಮ ಪುಲ್ಲಿ ಎರಡು ಗ್ರೂವಿನದು. ಹಬ್ಬು ಗಿಬ್ಬು ಏನೂ ಇಲ್ಲದ ಸಾದಾ ದಿಮ್ಮಿ. ತಳದ ದುಂಡನ್ನು ಆಮೇಲೆ ನೋಡಿಕೊಳ್ಳೋಣ ಎಂದು ಬಿಟ್ಟರೆ, ಪುಲ್ಲಿಯನ್ನು ಸೀಳಿದಾಗ ಅಕ್ಷದ ಒಂದು ಬದಿಗೆ ಕಾಣುವ ಆಕೃತಿಗೆ 12 ಮೂಲೆಗಳು. ಪ್ರತಿ ಮೂಲೆಯೂ ಎರಡು ದಿಕ್ಕಿಗೆ ಸರಿಯಬಲ್ಲದು, ಒಟ್ಟು 24 ಬಗೆಯ ಸ್ವಾತಂತ್ರ್ಯ. 12 ಗೆರೆಗಳಲ್ಲಿ ಎಂಟು ಅಡ್ಡ ಇಲ್ಲವೇ ಲಂಬ ಎಂದು ಗೊತ್ತುಮಾಡಿದರೆ 16 ಉಳಿಯಿತು. ಹೊರಮೈಯ ಮೂರು ತುಂಡುಗಳು ಒಂದೇ ಸಾಲಿನಲ್ಲಿರಲಿ, ಎರಡು ಗ್ರೂವಿನ ತಳ ಒಂದೇ ಮಟ್ಟದಲ್ಲಿರಲಿ, ನಾಲ್ಕು ಓರೆ ಗೋಡೆಗಳಿಗೂ ಒಂದೇ ಓರೆ ಇರಲಿ, ಎರಡರ ಬಾಯಿ ಒಂದೇ ಅಗಲವಿರಲಿ ಎಂದು ಕಟ್ಟುಪಾಡು ಹಾಕಿದರೆ ಒಂಬತ್ತಕ್ಕೆ ಇಳಿಯಿತು. ಇಡೀ ಆಕೃತಿಯನ್ನು ಅಕ್ಷದ ಉದ್ದಕ್ಕೆ ಜಾರದಂತೆ ಒಂದು ಕಡೆ ನಿಲ್ಲಿಸಿದರೆ ಎಂಟು. ಈ ಎಂಟಕ್ಕೂ ಸಂಖ್ಯೆ ಬೇಕು: ಬೋರ್ ಎಂಬ ನಡುವಿನ ತೂತಿನ ವ್ಯಾಸ, ಹೊರವ್ಯಾಸ, ಒಟ್ಟು ಅಗಲ, ಗ್ರೂವಿನ ಕೋನ, ಆಳ, ಬಾಯಿಯ ಅಗಲ, ಗ್ರೂವಿಂದ ಗ್ರೂವಿಗೆ ದೂರ, ಅಂಚಿನಿಂದ ದೂರ. ಎಂಟೂ ಸಿಕ್ಕಿದರೆ ಸ್ಕೆಚ್ ಹಸಿರಾಗುತ್ತದೆ.

ತಾವು ಕೊಟ್ಟದ್ದು ಮೂರು. 28 ಬೋರ್, 35 ಅಗಲ, ಮತ್ತು ಆ ಪ್ರಖ್ಯಾತ 112.

ಉಳಿದದ್ದು ಇಲ್ಲದಿದ್ದರೆ ಕ್ಲಿಕ್ ಕೆಲಸ ಮಾಡುವುದಿಲ್ಲ ಎಂದುಕೊಳ್ಳಬೇಡಿ. ಮಾಡುತ್ತದೆ. ಕಷ್ಟವಿರುವುದೇ ಅಲ್ಲಿ. ಅರೆಬರೆ ಸ್ಕೆಚ್ಚನ್ನೂ ತಿರುಗಿಸಿ ಥಳಥಳ ಹೊಳೆಯುವ ಪುಲ್ಲಿಯನ್ನು ಪರದೆಯ ಮೇಲೆ ನಿಲ್ಲಿಸುತ್ತದೆ. ಬೇಕಿದ್ದರೆ ಸ್ಟೀಲ್ ಬಣ್ಣ ಹಚ್ಚಿ ಕ್ಯಾಟಲಾಗಿಗೆ ಹಾಕಬಹುದು. ನಾಳೆ ಒಂದು ಅಳತೆ ಬದಲಿಸಿದಾಗ ಕಟ್ಟುಪಾಡಿಲ್ಲದ ಮೂಲೆ ತನಗೆ ತೋಚಿದ ಕಡೆ ಓಡುತ್ತದೆ, ಅಷ್ಟೇ.

112ರ ಬಗ್ಗೆ ಫೋನಿನಲ್ಲಿ ಕೇಳಿದೆ. ಅದು ಬೆಲ್ಟಿನ ಲೆಕ್ಕಕ್ಕೆ ಹಿಡಿಯುವ ಪಿಚ್ ವ್ಯಾಸವೋ, ಅಂಚಿನ ಹೊರವ್ಯಾಸವೋ? ‘ಡಯಾ ಸಾರ್, ಡಯಾ’ ಎಂದಿರಿ. ಗ್ರೂವಿನ ಕೋನ ಕೇಳಿದೆ. ‘ಎ ಸೆಕ್ಷನ್ ಬೆಲ್ಟು, ಸ್ಟ್ಯಾಂಡರ್ಡ್ ಹಾಕಿ’ ಎಂದಿರಿ. ಸ್ಟ್ಯಾಂಡರ್ಡ್ ತೆಗೆದು ನೋಡಿದೆ. ಬೆಲ್ಟಿನ ಎರಡು ಬದಿಗಳ ನಡುವಿನ ಕೋನ 40 ಡಿಗ್ರಿ. ಹಾಗೆಂದು ಗ್ರೂವಿಗೂ 40 ಕೊಡುವ ಹಾಗಿಲ್ಲ. ಪುಲ್ಲಿಯ ಸುತ್ತ ಬಾಗುವಾಗ ಬೆಲ್ಟಿನ ಒಳಭಾಗ ಅಮುಕಿಕೊಂಡು ಅಗಲವಾಗುತ್ತದೆ, ಹೊರಭಾಗ ಎಳೆದುಕೊಂಡು ಕಿರಿದಾಗುತ್ತದೆ, ಕೋನ ಇಳಿಯುತ್ತದೆ. ಪುಲ್ಲಿ ಚಿಕ್ಕದಾದಷ್ಟೂ ಇಳಿಕೆ ಹೆಚ್ಚು. ಅದಕ್ಕೇ ಪಿಚ್ ವ್ಯಾಸ 118ರವರೆಗೆ ಗ್ರೂವಿಗೆ 34 ಡಿಗ್ರಿ, ಅದನ್ನು ದಾಟಿದರೆ 38. ಪಿಚ್ ಗೆರೆಯಲ್ಲಿ ಗ್ರೂವಿನ ಅಗಲ 11 ಮಿಲಿಮೀಟರ್, ಅದರ ಮೇಲೆ ಕನಿಷ್ಠ 2.75, ಕೆಳಗೆ ಕನಿಷ್ಠ 8.7. ಗ್ರೂವಿಂದ ಗ್ರೂವಿಗೆ 15.

ತಮ್ಮ 112 ಪಿಚ್ ವ್ಯಾಸವಾದರೆ ಹೊರವ್ಯಾಸ 117.5. ತಮ್ಮ 112 ಹೊರವ್ಯಾಸವಾದರೆ ಪಿಚ್ 106.5, ಅಂದರೆ ಮೋಟಾರು ಮೊದಲಿನಂತೆ ತಿರುಗುತ್ತಿದ್ದರೂ ಆಚೆ ಬದಿಯ ಯಂತ್ರ ಸುಮಾರು ಶೇ. 5ರಷ್ಟು ನಿಧಾನ. ‘ಡಯಾ ಸಾರ್, ಡಯಾ’ ಎಂಬ ಮೂರು ಪದಗಳಲ್ಲಿ ಇಷ್ಟೆಲ್ಲ ಅಡಗಿತ್ತು, ತಮ್ಮದು ಸೂತ್ರಶೈಲಿ.

ಇದು ಒಂದು ಕ್ಲಿಕ್ಕಿನ ಕೆಲಸವೇ ಎಂದು ಸಾಧಿಸಲು ತಮ್ಮ ಆಫೀಸಿನ ಹುಡುಗ ಮಾಡಿದ ಮಾಡೆಲನ್ನೂ ಜೊತೆಗೆ ಕಳಿಸಿದ್ದಿರಿ. ನೋಡಿದೆ. ಅವನು ಡ್ರಾಯಿಂಗಿನಲ್ಲಿ ಅಕ್ಷದ ಮೇಲಿನ ಅರ್ಧವನ್ನು ಆರಿಸಿ ಸುತ್ತ ತಿರುಗಿಸಿದ್ದಾನೆ. ಆ ಮೇಲಿನ ಅರ್ಧದಲ್ಲೇ ಕೀವೇ ಇದೆ. ಮೂರು ಎಚ್‌ಪಿ ಮೋಟಾರಿನ 28ರ ಶಾಫ್ಟಿಗೆ 8 ಅಗಲ, 7 ಎತ್ತರದ ಕೀ. ಅದಕ್ಕಾಗಿ ಪುಲ್ಲಿಯ ಬೋರಿನಲ್ಲಿ 3.3 ಮಿಲಿಮೀಟರ್ ಕಚ್ಚು. ಸೀಳುನೋಟದಲ್ಲಿ ಆ ಜಾಗದಲ್ಲಿ ಕಾಣುವ ಗೆರೆ ಬೋರಿನದ್ದಲ್ಲ, ಕಚ್ಚಿನ ತಲೆಯದ್ದು. ಅಕ್ಷದಿಂದ ಅದರ ದೂರ 14 ಅಲ್ಲ, 17.3. ಅದನ್ನು ಸುತ್ತ ತಿರುಗಿಸಿದ ಮೇಲೆ ಕೀವೇ ಮಾಯವಾಗಿ, ಬೋರ್ 34.6 ಆಗಿ, ಪುಲ್ಲಿ ನಿರಾಳವಾಗಿ ಕೂತಿದೆ. ಲಾಭವನ್ನೂ ಹೇಳಬೇಕಲ್ಲ: ಈ ವಿಧಾನದಲ್ಲಿ ಪ್ರತಿ ಪುಲ್ಲಿಗೆ ಸುಮಾರು 75 ಗ್ರಾಂ ಬೀಡು ಉಳಿತಾಯ. ಶಾಫ್ಟಿನ ಮೇಲೆ ನಿಲ್ಲುವುದಿಲ್ಲ ಎಂಬುದೊಂದು ಸಣ್ಣ ಕೊರತೆ.

ಹುಡುಗನನ್ನು ಬಯ್ಯಬೇಡಿ. ಅವನು ಡ್ರಾಯಿಂಗ್ ಹೇಳಿದಂತೆ ಮಾಡಿದ್ದಾನೆ. ಡ್ರಾಯಿಂಗ್ ಎಂಬುದು ವಸ್ತುವಿನ ನೆರಳು ಅಲ್ಲ, ತಿಳಿದವರ ನಡುವಿನ ಒಪ್ಪಂದ. ರಿಬ್ಬನ್ನು ಉದ್ದಕ್ಕೆ ಸೀಳಿದರೂ ಅಲ್ಲಿ ಹ್ಯಾಚಿಂಗ್ ಹಾಕುವುದಿಲ್ಲ. ಹಾಕಿದರೆ ಇಡೀ ಭಾಗ ಗಟ್ಟಿ ಎಂದು ಓದುಗ ತಪ್ಪು ತಿಳಿದಾನು ಎಂದು. ಚಕ್ರದ ಕಡ್ಡಿಗಳು ಎಲ್ಲಿದ್ದರೂ ಸೀಳಿನ ಗೆರೆಗೆ ತಿರುಗಿಸಿ ನಿಲ್ಲಿಸಿದಂತೆ ಬರೆಯುತ್ತಾರೆ. ನಮ್ಮಲ್ಲಿ ಫಸ್ಟ್ ಆ್ಯಂಗಲ್, ಅಮೆರಿಕದಲ್ಲಿ ಥರ್ಡ್ ಆ್ಯಂಗಲ್. ಮೂಲೆಯ ಆ ಪುಟ್ಟ ಗುರುತನ್ನು ನೋಡದೆ ಹೋದರೆ ಎಡದ ರಂಧ್ರ ಬಲಕ್ಕೆ ಹೋಗುತ್ತದೆ. ಈ ಸುಳ್ಳುಗಳೆಲ್ಲ ಓದುವವನ ಅನುಕೂಲಕ್ಕಾಗಿಯೇ ಹುಟ್ಟಿದವು. ಸಾಫ್ಟ್‌ವೇರು ಆ ಒಪ್ಪಂದಕ್ಕೆ ಸಹಿ ಹಾಕಿಲ್ಲ.

ತಮ್ಮ ತಂದೆಯವರ ಕಾಲದಲ್ಲಿ ಸಹಿ ಹಾಕಿದವನೊಬ್ಬ ಇದ್ದ. ಪ್ಯಾಟರ್ನ್ ಮಾಡುವ ಬಡಗಿ. ಚಪ್ಪಟೆಯನ್ನು ಘನ ಮಾಡುವ ಕೆಲಸ ಕಂಪ್ಯೂಟರಿನಿಂದ ಶುರುವಾಯಿತು ಎಂದುಕೊಂಡಿದ್ದರೆ ಯಾವುದಾದರೂ ಹಳೆಯ ಫೌಂಡ್ರಿಯ ಅಟ್ಟ ಹತ್ತಿ ನೋಡಿ. ಅವನು ತೇಗದಲ್ಲಿ ಮಾಡಿಟ್ಟ ಮಾಡೆಲುಗಳು ಇನ್ನೂ ಧೂಳು ತಿನ್ನುತ್ತಿರಬಹುದು. ಬೀಡು ತಣಿಯುವಾಗ ಸುಮಾರು ಶೇ. 1ರಷ್ಟು ಕುಗ್ಗುತ್ತದೆಂದು ಅವನ ಅಳತೆಪಟ್ಟಿಯ ಗೆರೆಗಳನ್ನೇ ಅಷ್ಟು ಹಿಗ್ಗಿಸಿ ಕೊರೆದಿರುತ್ತಿದ್ದರು. ಮರಳಿನಿಂದ ಪ್ಯಾಟರ್ನ್ ಎತ್ತುವಾಗ ಅಚ್ಚಿನ ಗೋಡೆ ಕುಸಿಯದಿರಲೆಂದು ಒಂದೆರಡು ಡಿಗ್ರಿ ಓರೆ ಕೊಡುತ್ತಿದ್ದ. ಲೇತಿನಲ್ಲಿ ತಿರುವಿ ತೆಗೆಯಲು ಕೆಲವು ಮಿಲಿಮೀಟರ್ ಹೆಚ್ಚಿಗೆ ಬಿಡುತ್ತಿದ್ದ. ಇದಾವುದೂ ಡ್ರಾಯಿಂಗಿನಲ್ಲಿ ಇರುತ್ತಿರಲಿಲ್ಲ. ಬರೆಯದೇ ಬಿಟ್ಟದ್ದನ್ನು ತುಂಬಿಕೊಳ್ಳುವುದೇ ಅವನ ಕಸುಬು, ಮತ್ತು ಅದಕ್ಕೆ ತಮ್ಮ ತಂದೆಯವರು ಸಂಬಳ ಕೊಡುತ್ತಿದ್ದರು. ಅದೇ ಸಂಬಳದ ಸಾಲನ್ನು ಅಳಿಸಿದರೆ ತಮ್ಮ ಐದು ನಿಮಿಷದ ಲೆಕ್ಕ ಸರಿಯಾಗಿ ಕೂಡಿಬರುತ್ತದೆ.

ಈಗ ತಮ್ಮ ನಿನ್ನೆಯ ಸಂದೇಶಕ್ಕೆ ಬರೋಣ. ‘ಪಾರ್ಟಿಗೆ ನಾಲ್ಕು ಗ್ರೂವ್ ಬೇಕಂತೆ. ಪ್ಯಾರಾಮೆಟ್ರಿಕ್ ಅಲ್ವಾ, ಎರಡನ್ನ ನಾಲ್ಕು ಮಾಡಿ ಅಷ್ಟೇ.’

ತಮ್ಮ ನಂಬಿಕೆಗೆ ದೊಡ್ಡ ಪರಂಪರೆ ಇದೆ. 1963ರಲ್ಲಿ ಎಂಐಟಿಯಲ್ಲಿ ಐವಾನ್ ಸದರ್‌ಲ್ಯಾಂಡ್ ತನ್ನ ಸ್ಕೆಚ್‌ಪ್ಯಾಡಿನಲ್ಲಿ ಪರದೆಯ ಮೇಲೆ ಲೈಟ್ ಪೆನ್ನಿನಿಂದ ಗೆರೆ ಎಳೆದು, ‘ಇದು ಅದಕ್ಕೆ ಸಮಾಂತರವಾಗಿರಲಿ’ ಎಂದು ಅದಕ್ಕೆ ಕಟ್ಟುಪಾಡು ವಿಧಿಸಿದ. ಸ್ಯಾಮ್ಯುಯೆಲ್ ಗೈಸ್‌ಬರ್ಗ್ 1985ರಲ್ಲಿ ಕಟ್ಟಿದ ಪಿಟಿಸಿ ಕಂಪನಿ, ಅಂಕೆ ಬದಲಿಸಿದರೆ ಘನಾಕೃತಿ ತಾನಾಗಿ ಬದಲಾಗುವ ಪ್ರೊ ಇಂಜಿನಿಯರನ್ನು ಆ ದಶಕ ಮುಗಿಯುವ ಮೊದಲೇ ಮಾರುಕಟ್ಟೆಗೆ ತಂದಿತು. 1995ರಲ್ಲಿ ಸಾಲಿಡ್‌ವರ್ಕ್ಸ್ ಈ ವಿದ್ಯೆಯನ್ನು ಸಾಮಾನ್ಯ ವಿಂಡೋಸ್ ಪಿಸಿಗೆ ಇಳಿಸಿತು. ಇವರಾರೂ ಗೆರೆಗೆ ಅರ್ಥ ತಾನಾಗಿ ಬರುತ್ತದೆ ಎಂದು ಹೇಳಲಿಲ್ಲ. ಅರ್ಥ ಹೇಳಿಟ್ಟರೆ ನೆನಪಿಟ್ಟುಕೊಳ್ಳುತ್ತೇವೆ ಎಂದರು.

ನನ್ನ ಮಾಡೆಲಿನಲ್ಲಿ ಒಂದು ಪುಟ್ಟ ಪಟ್ಟಿ ಇದೆ. ಗ್ರೂವುಗಳ ಸಂಖ್ಯೆ ಒಂದು ಸಾಲು. ಅಗಲ ಆ ಸಂಖ್ಯೆಯಿಂದಲೇ ಬರುತ್ತದೆ. ಎರಡಕ್ಕೆ 35 ಇದ್ದದ್ದು ನಾಲ್ಕಕ್ಕೆ 65. ಪಿಚ್ ವ್ಯಾಸ ಇನ್ನೊಂದು ಸಾಲು. ಅದು 118 ದಾಟಿದರೆ ಕೋನ 38, ಇಲ್ಲದಿದ್ದರೆ 34 ಎಂದು ಸೂತ್ರ. ನಾಳೆ ಪಾರ್ಟಿ 125 ಕೇಳಿದರೆ ಕೋನವನ್ನು ಯಾರೂ ನೆನಪಿಸಬೇಕಿಲ್ಲ. ಕೀವೇಯನ್ನು ತಿರುಗಿಸಿದ ಮೇಲೆ ಬೇರೆಯಾಗಿ, ಎಷ್ಟು ಅಗಲವಿದ್ದರೂ ಆರಪಾರ ಕತ್ತರಿಸುವಂತೆ ಇಟ್ಟಿದ್ದೇನೆ. ಇಲ್ಲಿ ಎರಡನ್ನು ನಾಲ್ಕು ಮಾಡುವುದು ನಿಜವಾಗಿಯೂ ಒಂದೇ ಕ್ಲಿಕ್. ಒಪ್ಪಿಕೊಂಡೆ, ತಾವೇ ಗೆದ್ದಿರಿ.

ಹುಡುಗನ ಮಾಡೆಲಿನಲ್ಲೂ ಪ್ರಯತ್ನಿಸಿದೆ. ಅವನು ಗ್ರಬ್ ಸ್ಕ್ರೂ ತೂತಿನ ಸ್ಕೆಚ್ಚನ್ನು ಪುಲ್ಲಿಯ ಒಂದು ಮುಖಕ್ಕೇ ಅಂಟಿಸಿದ್ದ. ಅವನ ಬಳಿ ಇರುವುದು ಫ್ರೀಕ್ಯಾಡಿನ ಹಳೆಯ ಆವೃತ್ತಿ; ಅದರಲ್ಲಿ ಮುಖಗಳಿಗೆ ಹೆಸರಿಲ್ಲ, ಕ್ರಮಸಂಖ್ಯೆ ಮಾತ್ರ. ಗ್ರೂವು ಎರಡು ಹೆಚ್ಚಾದಾಗ ಸಂಖ್ಯೆಗಳೆಲ್ಲ ಪಲ್ಲಟವಾಗಿ, ತೂತು ಹೋಗಿ ಗ್ರೂವಿನ ಓರೆ ಗೋಡೆಯಲ್ಲಿ ಕೂತಿತು. ಫ್ರೀಕ್ಯಾಡ್ ಬಳಸುವವರು ಈ ಕಾಟವನ್ನು ವರ್ಷಗಟ್ಟಲೆ ಅನುಭವಿಸಿದ್ದಾರೆ. 2002ರಲ್ಲಿ ಹೊರಬಂದ ಆ ಸಾಫ್ಟ್‌ವೇರಿಗೆ 1.0 ಎಂಬ ಅಂಕೆ ದಕ್ಕಿದ್ದು 2024ರ ನವೆಂಬರಿನಲ್ಲಿ. ಈ ತೊಡಕನ್ನು ಬಹುಮಟ್ಟಿಗೆ ಬಿಡಿಸಿದ್ದೂ ಆ ಆವೃತ್ತಿಯೇ. ಇಪ್ಪತ್ತೆರಡು ವರ್ಷ! ಪಾಪ, ಇದು ಐದು ನಿಮಿಷದ ಕೆಲಸ ಎಂದು ಅವರಿಗೆ ಯಾರೂ ಹೇಳಿರಲಿಲ್ಲ.

‘ಫ್ರೀ ಸಾಫ್ಟ್‌ವೇರ್ ಅಂತೀರಿ, ಮತ್ತೆ ಬಿಲ್ಲು ಯಾಕೆ ಸಾರ್?’ ಎಂದು ತಾವು ಕೇಳಿದ್ದಕ್ಕೆ ಇಲ್ಲಿ ಉತ್ತರಿಸುವುದಿಲ್ಲ. ಮನೆಯಲ್ಲಿ ಮಕ್ಕಳೂ ಈ ಪತ್ರ ಓದಬಹುದು.

ಆದ್ದರಿಂದ ತಮ್ಮಲ್ಲಿ ಕಳಕಳಿಯ ಪ್ರಾರ್ಥನೆ. 112 ಯಾವ ವ್ಯಾಸ ಎಂಬುದನ್ನು ಲಿಖಿತವಾಗಿ ತಿಳಿಸಬೇಕು. ಗೆರೆಗೂ ಅಂಕೆಗೂ ಜಗಳ ಬಂದಾಗ ತಮ್ಮ ಪಕ್ಷ ಯಾವುದೆಂದು ಹೇಳಬೇಕು. ಮಾಡೆಲು ಲೇತಿಗೆ ಹೋಗುವುದೋ ಫೌಂಡ್ರಿಗೆ ಹೋಗುವುದೋ ಗೊತ್ತುಮಾಡಬೇಕು; ಫೌಂಡ್ರಿಗಾದರೆ ಆ ಬಡಗಿಯ ಶೇ. 1, ಅವನ ಓರೆ, ಅವನ ಹೆಚ್ಚಿಗೆ ಬಿಟ್ಟ ಮಿಲಿಮೀಟರುಗಳು ಎಲ್ಲವೂ ಬೇಕು. ಉತ್ತರ ಬಂದ ಐದು ನಿಮಿಷದಲ್ಲಿ ತ್ರೀಡಿ ತಮ್ಮ ಮೊಬೈಲಿನಲ್ಲಿರುತ್ತದೆ. ಇದು ವ್ಯಂಗ್ಯವಲ್ಲ, ಅಕ್ಷರಶಃ ಐದು ನಿಮಿಷ.

ಇಂತಿ ತಮ್ಮ ವಿಧೇಯ,
ಗೆರೆ ಎತ್ತುವವನು

ಮರೆತ ಮಾತು: ಪತ್ರ ಕಳಿಸುವ ಮೊದಲು ತಮ್ಮ ಶೆಡ್ಡಿನ ಟರ್ನರ್ ಯಜಮಾನರಿಗೆ ಫೋನ್ ಮಾಡಿದ್ದೆ. ಹಳೆಯ ಪುಲ್ಲಿ ಅವರ ಬೆಂಚಿನ ಮೇಲೇ ಬಿದ್ದಿತ್ತಂತೆ. ವರ್ನಿಯರ್ ಹಿಡಿದು ‘ಹೊರಗೆ ನೂರಾ ಹದಿನೇಳೂವರೆ ಕಣಪ್ಪಾ’ ಎಂದರು. ಹಾಗಾದರೆ 112 ಪಿಚ್ಚೇ. ಆ ಪ್ರಶ್ನೆ ತೀರಿತು. ಮಾಡೆಲನ್ನು ಅವರ ಫೋನಿಗೆ ಕಳಿಸಿದೆ. ಬೆರಳಲ್ಲಿ ತಿರುಗಿಸಿ ನೋಡಿ ಚೆನ್ನಾಗಿದೆ ಎಂದರು. ಆಮೇಲೆ ಬೋರಿನ ಲಿಮಿಟ್ ಎಷ್ಟು ಎಂದು ಕೇಳಿದರು. 28 ಎಚ್7, ಅಂದರೆ 28.000ರಿಂದ 28.021ರ ಒಳಗೆ ಎಂದೆ. ‘ಅದು ಈ ಬೊಂಬೆಯಲ್ಲಿ ಎಲ್ಲಿ ಬರೆದಿದೆ? ಲೇತಿನ ಮೇಲೆ ಸಿಕ್ಕಿಸೋಕೆ ಒಂದು ಡ್ರಾಯಿಂಗ್ ಪ್ರಿಂಟ್ ಕೊಡು’ ಎಂದರು. ಮಾಡೆಲಿನಿಂದಲೇ ಟೂಡಿ ಹಾಳೆ ತೆಗೆದು ಇದರ ಜೊತೆ ಲಗತ್ತಿಸಿದ್ದೇನೆ. ಅದನ್ನು ತ್ರೀಡಿ ಮಾಡಿಸಲು ದಯವಿಟ್ಟು ಇನ್ನೊಬ್ಬರಿಗೆ ಕಳಿಸಬೇಡಿ.